ಉಮ್ಮ್ ರಗಬಳ ಬಾತುಕೋಳಿ ಮತ್ತು ನಮ್ಮ ವಿಭಾಗದ ಕೀರ್ತಿ

ನಮ್ಮ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಮೇಲೆ ಒಂದು ಬ್ಯಾನರ್ ತೂಗುತ್ತಿದೆ: 'ಜಾಗತಿಕ ಶ್ರೇಯಾಂಕದಲ್ಲಿ ಕಫ್ರ್ ರಯ್ಯಾನ್ ಸರ್ಕಾರಿ ವಿಶ್ವವಿದ್ಯಾಲಯ!' ಎಷ್ಟನೆಯ ಸ್ಥಾನ ಅಂತ ಅದರಲ್ಲಿ ಬರೆದಿಲ್ಲ. ಕೇಳುವ ಅಧಿಕಪ್ರಸಂಗವನ್ನು ಯಾರೂ ಮಾಡಿಲ್ಲ. ಇದಕ್ಕೆಲ್ಲ ತಮ್ಮ ದೂರದೃಷ್ಟಿಯೇ ಕಾರಣ ಅಂತ ಕುಲಪತಿಗಳು ಭಾಷಣ ಬಿಗಿಯುತ್ತಾರೆ. ಬಿಗಿಯಲಿ ಬಿಡಿ, ಯಾರಪ್ಪನ ಗಂಟು ಹೋಗುತ್ತದೆ! ಕೃಷಿ ಕಾಲೇಜಿನ ಮಣ್ಣು ವಿಜ್ಞಾನ ವಿಭಾಗದಲ್ಲಿ ತಲೆ ಬೋಳಾಗುವಷ್ಟು ಕಾಲ ಪಾಠ ಹೇಳಿದ ನಾನು, ನಸೀಮ್, ಹೇಳುತ್ತೇನೆ ಕೇಳಿ. ನಮ್ಮ ವಿಭಾಗಕ್ಕೆ ಕೀರ್ತಿ ಅಂತ ಏನಾದರೂ ಬಂದಿದ್ದರೆ ಅದು ಉಮ್ಮ್ ರಗಬಳ ಒಲೆಯಿಂದ ಬಂತು.

ಉಮ್ಮ್ ರಗಬ್ ಅಂದರೆ ರಗಬನ ತಾಯಿ. ಅವಳ ಸ್ವಂತ ಹೆಸರು ನಮಗ್ಯಾರಿಗೂ ಗೊತ್ತಿಲ್ಲ, ಹೇಳಿಕೊಳ್ಳಬೇಕು ಅಂತ ಅವಳಿಗೂ ಅನ್ನಿಸಿದಂತಿಲ್ಲ. ಗಂಡ ಕಾಲೇಜಿನ ಮಾದರಿ ತೋಟದ ಕಾವಲುಗಾರನಾಗಿದ್ದ. ಅವನು ತೀರಿಕೊಂಡ ಮೇಲೆ ಕಾಲುವೆ ದಂಡೆಯ ಮನೆಯ ಮಾಳಿಗೆಯಲ್ಲಿ ಬಾತುಕೋಳಿ, ಪಾರಿವಾಳ ಸಾಕಿ ಇಬ್ಬರು ಮಕ್ಕಳನ್ನು ಓದಿಸಿದಳು. ದಪ್ಪ ದೇಹ, ಗಟ್ಟಿ ಗಂಟಲು. ಅವಳು ಸಂತೆಯಲ್ಲಿ ಚೌಕಾಸಿಗೆ ನಿಂತರೆ ಮೀನಿನವನು ತಕ್ಕಡಿ ಕೆಳಗಿಟ್ಟು ಕೈ ಮುಗಿಯುತ್ತಿದ್ದ. ಓದು ಬರಹ ಬಾರದು. ಆದರೆ 'ಡಾಕ್ಟರ್' ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಆ ಕಾಲದಲ್ಲಿ ನಮ್ಮ ವಿಭಾಗದ ಸ್ಥಿತಿ ಯಾರಿಗೂ ಬೇಡ. ಹೈಸ್ಕೂಲು ಮುಗಿಸಿದ ಮಕ್ಕಳನ್ನು ಸರ್ಕಾರ ಅಂಕ ನೋಡಿ ಕಾಲೇಜುಗಳಿಗೆ ಹಂಚುತ್ತದೆ. ಹೆಚ್ಚು ಅಂಕದವರು ವೈದ್ಯಕೀಯಕ್ಕೆ, ಆಮೇಲಿನವರು ಎಂಜಿನಿಯರಿಂಗಿಗೆ, ಹೀಗೇ ಸೋಸುತ್ತ ಸೋಸುತ್ತ ಕೊನೆಗೆ ಉಳಿದ ಚರಟ ನಮ್ಮ ಪಾಲು. ಮೊದಲ ದಿನ ತರಗತಿಗೆ ಹೋದರೆ ಸಾವಿನ ಮನೆಗೆ ಕಾಲಿಟ್ಟ ಹಾಗಿರುತ್ತಿತ್ತು. ಮುಖ್ಯಸ್ಥ ಡಾಕ್ಟರ್ ತಲಾತ್ ಇದಕ್ಕೊಂದು ಉಪಾಯ ಮಾಡಿದರು. ವಿಭಾಗದ ಹೆಸರು ಬದಲಿಸಿ 'ಸುಸ್ಥಿರ ನೆಲ-ಜಲ ಸಂಪನ್ಮೂಲಗಳ ವಿಶಿಷ್ಟ ಕಾರ್ಯಕ್ರಮ' ಅಂತ ಬೋರ್ಡು ಹಾಕಿಸಿದರು. ಮಣ್ಣು ಅದೇ, ಮೇಷ್ಟರುಗಳು ಅವರೇ, ಒಡೆದ ಬೆಂಚೂ ಅದೇ.

ಅದಕ್ಕಿಂತ ದೊಡ್ಡ ತಲೆನೋವು ಪಿಎಚ್‌ಡಿಯದು. ಪ್ರಬಂಧದ ಬಹಿರಂಗ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪ್ರಾಧ್ಯಾಪಕ ಬರಲೇಬೇಕು ಅಂತ ನಿಯಮ. ಕೈರೋದ ಯಾವ ಮಹಾನುಭಾವ ಮಿನಿಬಸ್ಸಿನಲ್ಲಿ ಸೊಂಟ ಮುರಿದುಕೊಂಡು ನಮ್ಮ ಊರಿಗೆ ಬಂದಾನು? ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸೊಸೆಯ ಹೆರಿಗೆ. ಪರೀಕ್ಷೆಗಳು ನಡೆಯದೆ ಡಾಕ್ಟರೇಟ್ ಕಾರ್ಯಕ್ರಮವನ್ನೇ ಮುಚ್ಚುವ ಮಾತು ಹೊರಟಿತ್ತು. ಆಗ ಬಂತು ರಗಬನ ಸರದಿ.

ರಗಬ್ ಒಳ್ಳೆಯ ಹುಡುಗ. ಅಷ್ಟು ಹೇಳಿ ಸುಮ್ಮನಾಗುವುದು ಮೇಲು. ಅವನ ಪ್ರಬಂಧದ ಮೊದಲರ್ಧ ಡಾಕ್ಟರ್ ತಲಾತರದ್ದು, ಉಳಿದರ್ಧ ಎಲ್ಲಿಯದೋ. ಆದರೆ ಪರೀಕ್ಷೆಯ ದಿನ ಅಭ್ಯರ್ಥಿಯ ಮನೆಯವರು ಪರೀಕ್ಷಕರಿಗೆ ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ಬೇರೆಯವರು ಪೇಸ್ಟ್ರಿ, ಹಣ್ಣಿನ ರಸದಲ್ಲಿ ಮುಗಿಸುತ್ತಿದ್ದರು. ಉಮ್ಮ್ ರಗಬ್ ಹಾಗೆ ಮುಗಿಸುವ ಹೆಂಗಸಲ್ಲ. ಈರುಳ್ಳಿ ತುಂಬಿ ಹುರಿದ ಬಾತುಕೋಳಿ, ಹಸಿಗೋಧಿ ತುಂಬಿದ ಪಾರಿವಾಳ, ಹಾಲಿನಲ್ಲಿ ಕೆನೆಗಟ್ಟುವ ತನಕ ಬೇಯಿಸಿದ ಮಡಕೆ ಅನ್ನ, ತುಪ್ಪ ಸೋರುವ ಪದರುಪದರಿನ ಫತೀರ್ ರೊಟ್ಟಿ. ಇಷ್ಟನ್ನೂ ಪ್ರಯೋಗಾಲಯದ ಮಣ್ಣು ಒಣಗಿಸುವ ಒಲೆಯಲ್ಲಿ ಬಿಸಿ ಮಾಡಿದಳು. ಹೇಗೋ ಎಳೆದು ತಂದಿದ್ದ ಕೈರೋದ ಡಾಕ್ಟರ್ ಗಬಾಲಿಯವರಿಗೆ ಮೆಟ್ಟಿಲಲ್ಲೇ ವಾಸನೆ ಬಡಿಯಿತು. ಒಳಗೆ ಬಂದವರು ಮೊದಲ ಪುಟದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಅಂತ ರಗಬನನ್ನು ಗದರಿಸಿದರು. "ಇನ್ನೆಲ್ಲ ಸರಿಯಾಗಿದೆ" ಅಂದರು. ಪ್ರಥಮ ಗೌರವ ಶ್ರೇಣಿ, ಜತೆಗೆ 'ಪ್ರಬಂಧವನ್ನು ಮುದ್ರಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಹಂಚತಕ್ಕದ್ದು' ಅನ್ನುವ ಶಿಫಾರಸು!

ಆಮೇಲೆ ನೋಡಿ ಮಜಾ. ಕೈರೋದವರ ಮಂಡಿನೋವೆಲ್ಲ ಮಾಯ. "ನಿಮ್ಮಲ್ಲಿ ಪರೀಕ್ಷೆ ಏನಾದ್ರೂ ಇದ್ಯಾ?" ಅಂತ ಅವರೇ ಫೋನ್ ಮಾಡತೊಡಗಿದರು. ಬೇರೆ ಅಭ್ಯರ್ಥಿಗಳ ಮನೆಯವರೂ ಬಾತುಕೋಳಿಗಳನ್ನು ಕಾಲು ಕಟ್ಟಿ ಅವಳ ಮನೆಗೇ ತಂದು ಇಳಿಸುತ್ತಿದ್ದರು. ಡೆಲ್ಟಾ ಪ್ರಾಂತ್ಯದಲ್ಲೇ ಅತಿ ಹೆಚ್ಚು ಡಾಕ್ಟರೇಟ್ ಕೊಟ್ಟ ವಿಭಾಗ ಅಂತ ಕುಲಪತಿಗಳು ನಮಗೆ ಫಲಕ ಕೊಟ್ಟರು. ಅದನ್ನು ತಲಾತರು ತಮ್ಮ ಕುರ್ಚಿಯ ಹಿಂದೆ ನೇತುಹಾಕಿಕೊಂಡರು. ಉಮ್ಮ್ ರಗಬ್ ಮಾತ್ರ ಎಲ್ಲರ ಎದುರು ಕೈ ಚಾಚಿ ತೋರಿಸುತ್ತಿದ್ದಳು: "ಇವರನ್ನೆಲ್ಲ ಡಾಕ್ಟ್ರು ಮಾಡಿದ್ದು ಈ ಕೈ ಕಣಪ್ಪ!" ನಾವು ನಗುತ್ತಿದ್ದೆವು. ನನಗೆ ಹೊಟ್ಟೆಹುಣ್ಣು, ವೈದ್ಯರು ಕೊಬ್ಬು ಮುಟ್ಟಬೇಡ ಅಂದಿದ್ದರು. ಹಾಗಾಗಿ ಇಡೀ ವಿಭಾಗದಲ್ಲಿ ನಿಷ್ಪಕ್ಷಪಾತಿ ಅಂತ ಇದ್ದವನು ನಾನೊಬ್ಬನೇ. ಅದಕ್ಕೇ ಬಹುಶಃ ಉಮ್ಮ್ ರಗಬಳ ಮಗಳು ಶಹೀರಾ ಮಾರ್ಗದರ್ಶನಕ್ಕೆ ನನ್ನ ಬಳಿ ಬಂದಳು.

ಶಹೀರಾ ಅಣ್ಣನ ಹಾಗಲ್ಲ. ರಬ್ಬರ್ ಬೂಟು ಹಾಕಿಕೊಂಡು ಸಮುದ್ರದ ಕಡೆಯ ಹಳ್ಳಿಗಳ ಭತ್ತದ ಗದ್ದೆಗಳಲ್ಲಿ ಮಣ್ಣು ಅಗೆದಳು, ವರ್ಷಗಟ್ಟಲೆ ಅಗೆದಳು. ಕೊನೆಗೆ ಅವಳಿಗೆ ಸಿಕ್ಕಿದ್ದು ಯಾರಿಗೂ ಬೇಡದ ಸತ್ಯ. ಗದ್ದೆಯಿಂದ ಬಸಿದ ನೀರನ್ನೇ ಕಾಲುವೆ ನೀರಿಗೆ ಬೆರೆಸಿ ಮತ್ತೆ ಹೊಲಕ್ಕೆ ಬಿಡಬಹುದು ಅಂತ ಒಬ್ಬರು ಹಿಂದೆ ಹೇಳಿದ್ದರು. ಊರೂರೇ ಅದನ್ನು ನಂಬಿತ್ತು. ಆ ನೀರೇ ಈಗ ಹೊಲಗಳಿಗೆ ಉಪ್ಪು ತುಂಬುತ್ತಿದೆ ಅಂತ ಶಹೀರಾ ತೋರಿಸಿದಳು. ಹಾಗೆ ಹೇಳಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಗಬಾಲಿ. ಅದಕ್ಕೆ ಗಬಾಲಿ ವಿಧಾನ ಅಂತಲೇ ಹೆಸರು. ಶಹೀರಾಳ ಪರೀಕ್ಷಕರೂ ಅವರೇ! ತಲಾತರು ಅಭ್ಯಾಸಬಲದಿಂದ ಅವರ ಹೆಸರನ್ನೇ ಕಳಿಸಿದ್ದರು, ಮೇಲಿನಿಂದ ಮಂಜೂರೂ ಆಗಿಬಿಟ್ಟಿತ್ತು. ಬದಲಿಸಲು ಸಮಯ ಇರಲಿಲ್ಲ. ಶಹೀರಾ ನಮ್ಮಲ್ಲೇ ಸಹಾಯಕ ಉಪನ್ಯಾಸಕಿ; ಅಂಥವರು ಗೊತ್ತುಪಡಿಸಿದ ಅವಧಿಯಲ್ಲಿ ಡಾಕ್ಟರೇಟ್ ಮುಗಿಸದಿದ್ದರೆ ಅವರನ್ನು ಗುಮಾಸ್ತಿಕೆಗೆ ತಳ್ಳುತ್ತಾರೆ. ಶಹೀರಾಳ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು. ಈ ಪರೀಕ್ಷೆ ಕೆಟ್ಟರೆ ಉಳಿದ ಆಯಸ್ಸೆಲ್ಲ ವಿದ್ಯಾರ್ಥಿಗಳ ಗುರುತಿನ ಚೀಟಿಗೆ ಮುದ್ರೆ ಒತ್ತುತ್ತ ಕೂರಬೇಕು.

ನಾನೂ ತಲಾತರೂ ಉಮ್ಮ್ ರಗಬಳ ಮನೆಗೆ ಹೋದೆವು. ಅವಳು ಅಡುಗೆಮನೆಯ ನೆಲದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಶಹೀರಾ ಬಾಗಿಲಿಗೆ ಒರಗಿ ನಿಂತಿದ್ದಳು.

"ನೋಡಿ ಹಜ್ಜಾ," ಅಂತ ಹಿರಿಯ ಹೆಂಗಸರನ್ನು ಕರೆಯುವ ಗೌರವದ ಮಾತಿನಿಂದಲೇ ತಲಾತರು ಕೂರುವ ಮೊದಲೇ ಶುರುಮಾಡಿದರು, "ಈ ಸಲ ಎರಡರಷ್ಟು ಮಾಡ್ಬೇಕು. ಗಬಾಲಿ ಸಾಹೇಬ್ರು ಹೊಟ್ಟೆ ತುಂಬಿದ್ರೆ ಮೊದಲ ಪುಟ ದಾಟಲ್ಲ. ಹಸಿದ್ರೋ, ಓದಿಬಿಡ್ತಾರೆ! ಓದಿದ್ರೆ ಹುಡುಗಿ ಕಥೆ ಮುಗೀತು."

"ಅಯ್ಯೋ ಅಷ್ಟೇನಾ? ಮಾಳಿಗೆ ಮೇಲೆ ಒಂದು ಗಂಡು ಬಾತು ಇದೆ, ಕರು ಇದ್ದಂಗಿದೆ," ಅಂದಳು ಉಮ್ಮ್ ರಗಬ್.

"ಅಮ್ಮಾ, ಒಂದು ಪಾತ್ರೆ ಆ ಮೆಟ್ಟಿಲು ಹತ್ತಿದ್ರೂ ನಾನು ಒಳಗೆ ಕಾಲಿಡಲ್ಲ," ಅಂದಳು ಶಹೀರಾ.

ಉಮ್ಮ್ ರಗಬ್ ಮೊರ ಕೆಳಗಿಟ್ಟಳು. "ಏನೇ ಅಂದೆ? ಊರಿನವರ ಮಕ್ಕಳಿಗೆಲ್ಲ ಬೇಯಿಸಿ ಹಾಕಿದೀನಿ. ನನ್ನ ಹೊಟ್ಟೇಲಿ ಹುಟ್ಟಿದವಳಿಗೆ ನನ್ನ ಕೈ ಅಡುಗೆ ಅವಮಾನನಾ?"

"ಅವಮಾನ ಅಲ್ಲಮ್ಮ. ಅವ್ರು ಓದ್ಬೇಕು. ಅಷ್ಟೇ."

"ಓದಿದ್ರೆ ಫೇಲ್ ಮಾಡ್ತಾರಂತಲ್ಲೇ!"

"ಮಾಡ್ಲಿ. ಓದಿ ಮಾಡ್ಲಿ."

"ಕೇಳಿದ್ರಾ ಡಾಕ್ಟ್ರೆ? ಇವಳಿಗೆ ಯಾರದೋ ದೃಷ್ಟಿ ತಾಗಿದೆ," ಅಂತ ಉಮ್ಮ್ ರಗಬ್ ನನ್ನ ಕಡೆ ತಿರುಗಿದಳು. "ನೀವಾದ್ರೂ ಬುದ್ಧಿ ಹೇಳಿ."

ಹುಡುಗಿ ಸರಿ, ತಲಾತ್ ಸರಿ, ತಾಯಿಯೂ ಸರಿ. ಹೊಟ್ಟೆ ಉರಿಯುತ್ತಿದೆ ಅಂತ ನೆಪ ಹೇಳಿ ಎದ್ದೆ. ಬೀದಿಯ ತಿರುವಿನವರೆಗೂ ತಾಯಿ ಮಗಳ ಜಗಳ ಕೇಳುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಮೆಟ್ಟಿಲ ಬಳಿ ಮೂಗು ಎತ್ತಿಕೊಂಡೇ ನಿಂತಿದ್ದೆ. ಯಾವ ವಾಸನೆಯೂ ಇಲ್ಲ. ಉಮ್ಮ್ ರಗಬ್ ಇಸ್ತ್ರಿ ಮಾಡಿದ ಕಪ್ಪು ಗಲಾಬಿಯಾ ನಿಲುವಂಗಿ ತೊಟ್ಟು ಬರಿಗೈಯಲ್ಲಿ ಬಂದಳು. ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

"ಹಿಡ್ಕೊಂಡಿದ್ದೆ ಡಾಕ್ಟ್ರೆ ಆ ಗಂಡು ಬಾತನ್ನ, ಚಾಕೂನೂ ಮಸೆದಿದ್ದೆ," ಅಂದಳು ಮೆಲ್ಲಗೆ. "ಅವಳು ಬಂದು ನಿಂತ್ಲು. ಬಾಯಿ ಬಿಡ್ಲಿಲ್ಲ, ಸುಮ್ನೆ ನೋಡಿದ್ಲು. ಅವರಪ್ಪನೇ ನೋಡ್ದಂಗಾಯ್ತು. ಬಿಟ್ಬಿಟ್ಟೆ. ತಪ್ಪು ಮಾಡಿದ್ನಾ?"

ಅಷ್ಟರಲ್ಲಿ ಗಬಾಲಿ ಬಂದರು. ಮೆಟ್ಟಿಲಲ್ಲಿ ನಿಂತು ಉಸಿರು ಎಳೆದುಕೊಂಡರು, ಹುಬ್ಬು ಗಂಟಿಕ್ಕಿದರು. ತಲಾತರು ಬಿಸ್ಕತ್ತು ತರಲು ಆಳನ್ನು ಓಡಿಸಿದರು.

ಸಭಾಂಗಣ ತುಂಬಿತ್ತು. ಶಹೀರಾ ಮಣ್ಣು ಅಗೆದ ಹಳ್ಳಿಗಳ ರೈತರು ಗಾಡಿ ಮಾಡಿಕೊಂಡು ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಉಮ್ಮ್ ರಗಬ್ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಡಾಕ್ಟರ್ ರಗಬ್. ಗಬಾಲಿ ಮೊದಲ ಪುಟದಲ್ಲಿ ಅಲ್ಪವಿರಾಮ ಹುಡುಕಿದರು. ಎಲ್ಲ ಸರಿಯಾಗಿದ್ದವು. ಗಡಿಯಾರ ನೋಡಿದರು. ಊಟವಿಲ್ಲ, ಮಾಡಲು ಬೇರೆ ಕೆಲಸವೂ ಇಲ್ಲ. ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ತಲಾತರು ಕಣ್ಣು ಮುಚ್ಚಿಕೊಂಡರು. ಗಬಾಲಿಯವರ ಬೆರಳು ಒಂದು ಕಡೆ ನಿಂತಿತು, ಕಿವಿ ಕೆಂಪಾಯಿತು.

"ಈ ಗಬಾಲಿ ಯಾರು? ನಾನೇನಾ?"

"ಹೌದು ಡಾಕ್ಟ್ರೆ," ಅಂದಳು ಶಹೀರಾ.

"ರೈತರು ಬೇಕಾಬಿಟ್ಟಿ ನೀರು ಕಟ್ಟಿರ್ತಾರೆ. ಅದಕ್ಕೆ ಉಪ್ಪು ಎದ್ದಿದೆ."

"ಪಕ್ಕದ ಹೊಲಕ್ಕೂ ಅಷ್ಟೇ ನೀರು ಕಟ್ಟಿದಾರೆ. ಅದು ಬರೀ ಕಾಲುವೆ ನೀರು. ಅಲ್ಲಿ ಉಪ್ಪು ಎದ್ದಿಲ್ಲ."

"ಬೇಸಿಗೇಲಿ ಮಣ್ಣು ತೆಗೆದಿರ್ತೀಯ!"

"ನಾಟಿಗೆ ಮುಂಚೆನೂ ತೆಗೆದಿದೀನಿ, ಕೊಯ್ಲಾದ ಮೇಲೂ ತೆಗೆದಿದೀನಿ. ಮುಂದಿನ ಪುಟದಲ್ಲಿದೆ, ನೋಡಿ."

ಅವರು ನೋಡಿದರು. ನೋಡಿದರು ಸ್ವಾಮಿ! ನಮ್ಮ ವಿಭಾಗದಲ್ಲಿ ಪರೀಕ್ಷಕರೊಬ್ಬರು 'ಮುಂದಿನ ಪುಟ' ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಮಧ್ಯಾಹ್ನದ ಬಾಂಗ್ ಆಗುವವರೆಗೂ ಇಬ್ಬರೂ ಜಿದ್ದಿಗೆ ಬಿದ್ದರು. ಹಿಂದಿನ ಬೆಂಚಿನ ರೈತರು "ಹೂಂ, ನಿಜ, ನಿಜ" ಅನ್ನುತ್ತಿದ್ದರು. ಕೊನೆಗೆ ಗಬಾಲಿ ಮೇಜು ಗುದ್ದಿದರು.

"ನೀನು ಹುಟ್ಟೋಕೆ ಮುಂಚೆ ಹೇಳಿದ ಮಾತು ಇದು!"

"ಹೌದು ಡಾಕ್ಟ್ರೆ. ಆಗ ಬಸಿದ ನೀರಲ್ಲಿ ಇಷ್ಟು ಉಪ್ಪು ಇರ್ಲಿಲ್ಲ. ಆಗ ನೀವು ಹೇಳಿದ್ದು ಸರಿ ಇತ್ತು."

"ಅಂದ್ರೆ ನನ್ನ ವಿಧಾನ ತಪ್ಪಲ್ಲ?"

"ಇವತ್ತಿಗೆ ತಪ್ಪು."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪರೀಕ್ಷಕರಾದ ನಾವು ಒಳಕೋಣೆಗೆ ಎದ್ದುಹೋದೆವು. ಅಲ್ಲಿ ಗಬಾಲಿ ಕೂಗಾಡಿದರು, ಬಿಸ್ಕತ್ತು ತಿಂದರು, ಮತ್ತೆ ಕೂಗಾಡಿದರು. "ತಿರಸ್ಕರಿಸಿ" ಅಂದರು. ತಿರಸ್ಕರಿಸಬಹುದು, ಆದರೆ ಪ್ರಬಂಧವನ್ನು ಪೂರ್ತಿ ಓದಿ, ಕಾರಣಗಳನ್ನು ಒಂದೊಂದಾಗಿ ಬರೆದು ಸಹಿ ಹಾಕಬೇಕು, ಅದು ನಿಯಮ ಅಂತ ನಾನು ನೆನಪಿಸಿದೆ. "ಮತ್ತೆ ಓದ್ಬೇಕಾ?" ಅಂತ ದೀರ್ಘವಾಗಿ ನಿಟ್ಟುಸಿರು ಬಿಟ್ಟರು. ಹೊರಗೆ ಬಂದು ಗಂಟಲು ಸರಿಮಾಡಿಕೊಂಡು ಘೋಷಿಸಿದರು. ಡಾಕ್ಟರೇಟ್ ಕೊಡಲಾಗಿದೆ. ಗೌರವ ಶ್ರೇಣಿ ಇಲ್ಲ. ಮುದ್ರಣಕ್ಕೆ ಶಿಫಾರಸೂ ಇಲ್ಲ.

ರೈತರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಹೀರಾ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉಮ್ಮ್ ರಗಬ್ ಓಡಿಹೋಗಿ ಅವಳನ್ನು ಎದೆಗೆ ಒತ್ತಿಕೊಂಡು, ನಾಲಿಗೆ ಅಲುಗಿಸಿ ಮದುವೆಮನೆಯ ಸಂಭ್ರಮದ ಕೇಕೆ ಹಾಕಿದಳು. ಕಿಟಕಿಯ ಗಾಜು ಅದುರಿತು. ಇಷ್ಟು ವರ್ಷ ಎಲ್ಲರ ಪರೀಕ್ಷೆಯಲ್ಲೂ ಅವಳು ಒಲೆಯ ಮುಂದೆ ಇರುತ್ತಿದ್ದಳು, ಸಭೆಯೊಳಗೆ ಏನು ನಡೆಯುತ್ತದೆ ಅಂತ ಕಂಡವಳೇ ಅಲ್ಲ. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಜನ ಕರಗಿದರು. ಗಬಾಲಿ ಮಿನಿಬಸ್ಸು ಹಿಡಿಯಲು ಹೋದರು, ತಲಾತರು ಅವರ ಬೆನ್ನಿಗೆ ಬಿದ್ದರು. ಶಹೀರಾ ರೈತರನ್ನು ಬೀಳ್ಕೊಡಲು ಗಾಡಿಯ ತನಕ ಹೋದಳು. ಉಮ್ಮ್ ರಗಬ್ ಖಾಲಿ ಬೆಂಚಿನ ಮೇಲೆ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಡಾಕ್ಟ್ರೆ, ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು," ಅಂದಳು. "ಇವಳನ್ನ ಅಷ್ಟು ಹೊತ್ತು ಕೇಳಿದ್ರಲ್ಲ. ರಗಬನ್ನೂ ಹಿಂಗೇ ಕೇಳಿದ್ರಾ?"

ನಾನು ರಗಬನ ಮುಖ ನೋಡಿದೆ. ರಗಬ್ ಗೋಡೆ ನೋಡಿದ.

"ಹಂಗಾದ್ರೆ ಇವನ ಡಾಕ್ಟರ್ ಪದವಿ..." ಅಂದವಳು ಅಲ್ಲಿಗೇ ನಿಂತಳು. ಮತ್ತೆ ತನ್ನ ಅಂಗೈ ನೋಡಿಕೊಂಡಳು. "ನಂದಾ?"

ಡಾಕ್ಟರ್ ರಗಬ್ ಕೋಟಿನ ಗುಂಡಿ ಹಾಕಿಕೊಂಡು, ತಾಯಿಯ ತೋಳು ಹಿಡಿದು ಎಬ್ಬಿಸಿದ.

"ಅದೆಲ್ಲ ಈಗ್ಯಾಕಮ್ಮ?" ಅಂದ. "ನಡಿ ಮನೆಗೆ. ಹಸಿವಾಗ್ತಿದೆ."