ಮಾಸ್ತರ ಹೊಲ ಯಾವುದು?

ಗೆಳೆಯರೇ, ನನ್ನ ಹೊಲದ ದಾರಿಯನ್ನು ಇವತ್ತು ಬೇರೆಯವರನ್ನು ಕೇಳಬೇಕಾಯಿತು. ಕೃಷಿ ಕಾಲೇಜಿನ ರೈತರ ಕೋಟಾಕ್ಕೆ ಸಿಇಟಿ ಅಂಕವೊಂದೇ ಸಾಲದು. ಬೀಜ, ಬೆಳೆ ಗುರುತಿಸುವ ಪರೀಕ್ಷೆಯೂ ಇದೆ. ಅದಕ್ಕಾಗಿ ಮಗಳಿಗೆ ಬೆಳೆ ತೋರಿಸಲು ಶಹಾಪುರದಿಂದ ಹೊರಟಿದ್ದೆ. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ಮೇಲೆ ಆ ಕಡೆ ಹೋದದ್ದೇ ಇಲ್ಲ. ಕಾಲುವೆ ದಾಟಿದ ಮೇಲೆ, ಕಳೆ ತೆಗೆಯುತ್ತಿದ್ದ ಹುಡುಗಿಯನ್ನು ಕೇಳಿದೆ: "ಮಾಸ್ತರ ಹೊಲ ಯಾವುದವಾ?"

"ನೀವು ನಿಂತದ್ದೇ ಅವರ ಹೊಲದಾಗ್ರಿ. ನಮ್ಮಪ್ಪ ಮಾಡ್ತಾನ."

ಮಾತಾಡುತ್ತಾ ತಿಳಿಯಿತು, ಅವಳೂ ಸಿಇಟಿ ಬರೆದಿದ್ದಾಳೆ. ನನ್ನ ಮಗಳಿಗಿಂತ ಹೆಚ್ಚು ಅಂಕ.

ಮಗಳು ಕೇಳಿದಳು, "ಪ್ರಾಕ್ಟಿಕಲ್‌ಗೂ ಬರ್ತಿ ಹೌದಿಲ್ಲ?"

"ನಾ ಹೆಂಗ ಬರ್ಲಿ? ಅಪ್ಪನ ಹೆಸರಿಲೆ ಹೊಲ ಇರಬೇಕಂತ."

ಆ ಮಾಸ್ತರು ನಾನೇ ಎಂದು ಹೇಳದೆ, ಮಗಳನ್ನು ಕರೆದುಕೊಂಡು ಕಾಲುವೆಯತ್ತ ತಿರುಗಿದೆ. ಸದ್ಯ, ಆ ಪರೀಕ್ಷೆಯಲ್ಲಿ ಅಪ್ಪಂದಿರಿಗೆ ಹೊಲ ಗುರುತಿಸಲು ಹೇಳುವುದಿಲ್ಲ.