ತಮ್ಮ ಓಟನ್ನು ಎದುರಾಳಿಗೇ ಕೊಟ್ಟ ನಮ್ಮವರು

ಎಲ್ಕ್‌ಫೋರ್ಕ್ ಕೋರ್ಟಿನ ಗೋಡೆಗೆ ನಮ್ಮ ಯಜಮಾನರ ಪಟ ಹಾಕಿದ್ದಾರೆ. ‘ವಕೀಲ ಏಸಾ ಪೆಟಿಗ್ರೂ, ಎರಡು ಸಲ ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಯ ಸದಸ್ಯ’ ಅಂತ ಬರೆದಿದೆ. ಮುಖ ಬಿಗಿದುಕೊಂಡಿದ್ದಾರೆ. ಪಟ ತೆಗೆಯುವವನು ಅಲುಗಾಡಬೇಡಿ ಅಂದ ಅಷ್ಟು ಹೊತ್ತು ಮಾತ್ರ ಅವರು ಹಾಗಿದ್ದದ್ದು.

ನಮ್ಮೂರಿಗೆ ಬಂದಾಗ ಒಂದು ಕುದುರೆ, ಎರಡು ಕಾನೂನು ಪುಸ್ತಕ, ಅಷ್ಟೇ. ಊರೂರಿಗೆ ಹೋಗಿ ಕೋರ್ಟು ನಡೆಸುವ ಜಡ್ಜಿಯ ಹಿಂದೆ ಸುತ್ತಿ, ಛತ್ರದಲ್ಲಿ ಎದುರು ವಕೀಲನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ಅವನ ವಿರುದ್ಧವೇ ವಾದ ಮಾಡುತ್ತಿದ್ದರು. ಹಂದಿಯ ವ್ಯಾಜ್ಯವೊಂದರಲ್ಲಿ ನಮ್ಮಪ್ಪನನ್ನೂ ಸೋಲಿಸಿದರು. ಅಪ್ಪ ಕುದುರೆ ಜೀನು ಹೊಲಿಯುವವನು, ಹಟಮಾರಿ. ಅದಾದ ತಿಂಗಳಿಗೇ ಇವರು ನನ್ನನ್ನು ಮದುವೆಗೆ ಕೇಳಲು ಬಂದರು.

“ಮೊದಲು ಎಲೆಕ್ಷನ್ ಗೆದ್ದು ಬಾ. ಆಮೇಲೆ ಲವೀನಿಯಾ ಮಾತು,” ಅಂದ ಅಪ್ಪ.

ಆಗಸ್ಟಿನಲ್ಲಿ ರಾಜ್ಯದ ಸಭೆಗೆ ಎಲೆಕ್ಷನ್; ಇವರೂ ನಿಂತರು. ಆಗ ಚೀಟಿಗೀಟಿ ಇರಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಯಾರಿಗೆ ಓಟು ಅಂತ ಕೂಗಬೇಕು, ಗುಮಾಸ್ತ ಬರೆದುಕೊಳ್ಳಬೇಕು, ಓಟು ಸಿಕ್ಕವನು ಎದ್ದು ವಂದಿಸಬೇಕು. ನಿಂತವರಿಬ್ಬರೂ ಮರ್ಯಾದೆಗೆ ಒಬ್ಬರಿಗೊಬ್ಬರು ಓಟು ಹಾಕುವುದು ರೂಢಿ. ಇವರು ಬೆಳಿಗ್ಗೆಯೇ ಎದುರಾಳಿ ಕರ್ನಲ್ ಬ್ರಾಡಸ್‌ನ ಹೆಸರು ಕೂಗಿದರು. ಅಪ್ಪನೂ ಇವರ ಮುಖ ನೋಡಿಕೊಂಡೇ ಕರ್ನಲ್ ಹೆಸರು ಕೂಗಿದ.

ನಾನು ಎದುರಿನ ಕಟ್ಟೆಯ ಮೇಲೆ ಕೂತು ಅವರೆಕಾಳು ಎಣಿಸುತ್ತಿದ್ದೆ. ಇವರಿಗೆ ಬಿಳಿಯದು, ಕರ್ನಲ್‌ಗೆ ಚುಕ್ಕೆಯದು. ಸಂಜೆಗೆ ಚುಕ್ಕೆಯದು ಒಂದೇ ಒಂದು ಹೆಚ್ಚು. ಉಳಿದದ್ದು ಕರ್ನಲ್‌ನ ಓಟು ಒಂದೇ. ರೂಢಿಯಂತೆ ಇವರಿಗೆ ಹಾಕಿದರೆ ಸರಿಸಮ.

ಕರ್ನಲ್ ಕೆಮ್ಮಿ ಗಂಟಲು ಸರಿಮಾಡಿಕೊಂಡು ತನ್ನ ಹೆಸರನ್ನೇ ಹೇಳಿದ.

ಗುಮಾಸ್ತ ಎರಡನೇ ಸಲ ಕೇಳಿ ಬರೆದುಕೊಂಡ. ಈಗ ಕರ್ನಲ್ ತನಗೆ ತಾನೇ ವಂದಿಸಬೇಕಲ್ಲ! ಇವರೇ ನಗು ತಡೆದುಕೊಂಡು ಹೋಗಿ ಅವನ ಕೈ ಕುಲುಕಿದರು.

ನಾನು ಅಳುತ್ತಾ ಮನೆ ಸೇರಿದೆ. ಹಿಂದೆಯೇ ಇವರು ಹ್ಯಾಟು ಕೈಯಲ್ಲಿ ಹಿಡಿದು, ಸೋತೆ ಅಂತ ಹೇಳಿ ಹೋಗಲು ಬಂದರು. ಅಪ್ಪ ಚರ್ಮ ಕೊಯ್ಯುವ ಕತ್ತಿ ಕೆಳಗಿಟ್ಟ.

“ಲೇ ವಕೀಲ, ನಿನ್ನ ಓಟು ನೀನೇ ಇಟ್ಕೊಳ್ಳೋಕೆ ಏನಾಗಿತ್ತು?”

“ಇಟ್ಕೊಂಡಿದ್ರೆ ನಿಮಗೆ ಮುಖ ತೋರ್ಸೋಕೆ ಆಗ್ತಿರಲಿಲ್ಲ ಸ್ವಾಮಿ.”

“ಆ ಕರ್ನಲ್‌ಗೆ ಓಟು ಕೂಗಿ ನಾನೇ ಮುಖ ಮುಚ್ಕೊಂಡು ಕೂತಿದೀನಿ. ಲವೀನಿಯಾ, ಇವನಿಗೂ ಒಂದು ತಟ್ಟೆ ಇಡು. ಏ, ಆ ಹಂದಿ ವಿಷಯ ಮಾತ್ರ ಎತ್ತಬೇಡ.”

ಅಕ್ಟೋಬರಿನಲ್ಲಿ ಮದುವೆಯಾಯಿತು. ಜೀನು ಹೊಲಿಸಲು ಬಂದವರಿಗೆಲ್ಲ ಅಪ್ಪ ಕರ್ನಲ್‌ನ ಓಟಿನ ಕತೆ ಹೇಳಿ ಹೇಳಿ, ಮುಂದಿನ ಸಲ ಇವರು ಗೆದ್ದರು; ಆರು ವರ್ಷ ಕಳೆದ ಮೇಲೆ ವಾಷಿಂಗ್ಟನ್ನಿಗೂ ಹೋದರು. ಪ್ರತಿ ಸಲವೂ ತಮ್ಮ ಓಟು ಎದುರಾಳಿಗೇ. ಅದು ಮುಗಿಯುತ್ತಲೇ ಅಪ್ಪ ಮೆಟ್ಟಿಲು ಹತ್ತಿ, ಹೊಳೆಯಾಚೆಗೂ ಕೇಳುವ ಹಾಗೆ ಇವರ ಹೆಸರು ಕೂಗುತ್ತಿದ್ದ.