ಮಾತನಾಡುವ ಡೆಸ್ಕ್‌ಟಾಪ್

ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಕಾಪುವಿನ ಮನೆಯಲ್ಲಿ ಕೂತು ಅಂಧ ವಿದ್ಯಾರ್ಥಿಗಳಿಗಾಗಿ ಪದವಿ ಪಠ್ಯಗಳನ್ನು ಓದಿ ರೆಕಾರ್ಡ್ ಮಾಡತೊಡಗಿದೆ. ಮನೆಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲೇ ತಪ್ಪುಗಳನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನ ಹಳೆಯ ವಿದ್ಯಾರ್ಥಿನಿಯದು. ಬಾಗಲಕೋಟೆಯಿಂದ ಗಾರೆ ಕೆಲಸಕ್ಕೆ ಬಂದು ಮಣಿಪಾಲದಲ್ಲೇ ಉಳಿದವರ ಮಗಳು. ಹುಟ್ಟಿನಿಂದ ಕಣ್ಣು ಕಾಣದು. ಕಿವಿ ಮಾತ್ರ ಬಹಳ ಸೂಕ್ಷ್ಮ.

ನನ್ನ ಲ್ಯಾಪ್‌ಟಾಪ್ ಹಳತು. ಓದುತ್ತಿದ್ದಂತೆ ರೆಕಾರ್ಡಿಂಗಿನಲ್ಲಿ ಪಟಪಟ ಸದ್ದು ಸೇರಿಕೊಳ್ಳುತ್ತಿತ್ತು. ವಿಂಡೋಸ್ ಬದಲು ಲಿನಕ್ಸ್ ಹಾಕಿ, ಅದರಲ್ಲಿ ಸಿಗುವ ಹಲವು ಡೆಸ್ಕ್‌ಟಾಪ್‌ಗಳಲ್ಲಿ, ಅಂದರೆ ಪರದೆಯ ಮೆನು, ಕಿಟಕಿಗಳ ವಿನ್ಯಾಸಗಳಲ್ಲಿ, ಹಗುರವಾದದ್ದನ್ನು ಆರಿಸಿಕೊಂಡರೆ ಯಂತ್ರದ ಶಕ್ತಿಯೆಲ್ಲ ಧ್ವನಿಗೇ ಸಿಗುತ್ತದೆ ಎಂದು ಎಲ್ಲೋ ಓದಿದೆ. ಒಂದೊಂದನ್ನೇ ಹಾಕಿ ನೋಡಿದೆ. ಮೂರನೆಯದರಲ್ಲಿ ಅರ್ಧ ಗಂಟೆ ಓದಿದರೂ ಒಂದೂ ಪಟಪಟ ಸದ್ದಿಲ್ಲ. ಹೆಮ್ಮೆಯಿಂದ ಅವಳಿಗೆ ಫೋನ್ ಮಾಡಿದೆ.

ಭಾನುವಾರ ಅವಳು ಬಸ್ಸಿನಲ್ಲಿ ಬಂದಳು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದಿಂದಲೇ ಅವಳು ಕಂಪ್ಯೂಟರ್ ಬಳಸುವುದು. ಕೀಲಿಗಳನ್ನು ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಅದು ಎರಡು ಪದ ಹೇಳಿ ಸುಮ್ಮನಾಯಿತು.

“ಟೀಚರ್, ನಾನು ಯಾವ ಮೆನುವಿನಲ್ಲಿ, ಎಲ್ಲಿದ್ದೇನೆ ಅಂತ ಇದು ಹೇಳುವುದೇ ಇಲ್ಲ,” ಎಂದಳು. ದೂರುವ ಧ್ವನಿಯಲ್ಲ. “ನೀವು ಒಮ್ಮೆ ಸ್ಕ್ರೀನ್ ಕಪ್ಪು ಮಾಡಿ ನೋಡಿ.”

ಪರದೆಯ ಬೆಳಕನ್ನು ಪೂರ್ತಿ ಇಳಿಸಿದೆ. ನಾನೇ ಉಳಿಸಿದ್ದ ಫೈಲನ್ನು ತೆರೆಯಲು ಆಗಲಿಲ್ಲ. ವೇಗ ನೋಡಿದ್ದೆ, ಬಣ್ಣ ಕೂಡ ನೋಡಿದ್ದೆ. ಅದರ ಮುಂದೆ ಹೆಚ್ಚು ಹೊತ್ತು ಕೂರಬೇಕಾದವಳನ್ನು ಒಂದು ಮಾತೂ ಕೇಳಿರಲಿಲ್ಲ. ನಾಚಿಕೆಯಾಯಿತು. ಹಾಗೆಂದು ಹೇಳಿದಾಗ ಅವಳು ನಕ್ಕು, ಇನ್ನೊಂದು ಹಾಕಿ ನೋಡುವ ಎಂದಳು.

ಊಟ ಮುಗಿಸಿ ನಾಲ್ಕನೆಯದನ್ನು ಹಾಕಿದೆವು. ಅದು ತುಸು ಭಾರ, ಆದರೆ ಪ್ರತಿ ಮೆನುವನ್ನೂ ಸ್ಪಷ್ಟವಾಗಿ ಓದಿತು. ಪಟಪಟ ಸದ್ದು ಮಾತ್ರ ಮರಳಿ ಬಂತು. ಅವಳು ಹೇಳಿದಂತೆ ವೈಫೈ ಆಫ್ ಮಾಡಿ, ಪರದೆಯ ಕಿಟಕಿಗಳ ನೆರಳು, ಅಲಂಕಾರವನ್ನೆಲ್ಲ ತೆಗೆದೆ. ಧ್ವನಿಯನ್ನು ಕ್ಷಣಹೊತ್ತು ಹಿಡಿದಿಡುವ ಬಫರನ್ನು ಅವಳೇ ಸ್ವಲ್ಪ ಹೆಚ್ಚಿಸಿದಳು. ಸದ್ದು ನಿಂತಿತು. ಅದನ್ನೇ ಉಳಿಸಿಕೊಂಡೆವು.

ಸಂಜೆಯ ಬಸ್ಸಿಗೆ ಮೊದಲು ಒಂದು ಪಾಠ ಓದಿ ಕೊಟ್ಟೆ. ಅವಳು ಹೆಡ್‌ಫೋನ್ ಹಾಕಿ, ಪುಟ ತಿರುವಿದ ಸದ್ದುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದಳು. ಕೊನೆಗೆ ಕೈ ನಿಲ್ಲಿಸಿ ನನ್ನತ್ತ ತಿರುಗಿದಳು.

“ಐದನೇ ಪುಟದಿಂದ ನಿಮಗೆ ಸುಸ್ತಾಗಿದೆ, ಅಲ್ವಾ ಟೀಚರ್? ಅಷ್ಟನ್ನು ನಾಳೆ ಓದಿ.”

ಅದು ನನಗೇ ತಿಳಿದಿರಲಿಲ್ಲ.